ದೂರದೇಶಕ್ಕೆ ಹಣವನ್ನು ಕಳುಹಿಸದ ತಂದೆ

ಆಧಾರ ಭಾಗ: ಲೂಕನು ಬರೆದ ಸುವಾರ್ತೆ, 15ನೇ ಅಧ್ಯಾಯ, 11ರಿಂದ 32ನೇ ವಚನಗಳು



ತಪ್ಪಿಹೋದ ಮಗನ ಸಾಮ್ಯವನ್ನು ನಮ್ಮ ಸಭೆಗಳಲ್ಲಿ ಕೇಳದವರು ಯಾರೂ ಇಲ್ಲ. ಭಾನುವಾರದ ಶಾಲೆಯ ಮಕ್ಕಳು ಸಹ ಅದನ್ನು ಮೊದಲಿಂದ ಕೊನೆಯ ವರೆಗೆ ಹೇಳಬಲ್ಲರು. ಆದರೆ ಈ ಸಾಮ್ಯವನ್ನು ವಿವರಿಸುವಾಗ ನಾವು ಬಹುತರ ಮಗನ ಪಾಪವನ್ನೂ ಅವನ ಪಶ್ಚಾತ್ತಾಪವನ್ನೂ ಕುರಿತು ಮಾತಾಡುತ್ತೇವೆ. ಇಂದು ಮಗನನ್ನು ಬಿಟ್ಟು, ಮನೆಯಲ್ಲಿ ಉಳಿದ ತಂದೆಯ ಬಳಿಗೆ ಹೋಗೋಣ. ಮಗನು ದೂರದೇಶದಲ್ಲಿದ್ದ ದಿವಸಗಳಲ್ಲಿ ಆ ತಂದೆಯು ಏನು ಮಾಡಿದನು, ಏನನ್ನು ಮಾಡದೆ ಬಿಟ್ಟನು ಎಂಬದನ್ನು ವಿಚಾರಿಸೋಣ.

ಯಾಕಂದರೆ ನಮ್ಮ ಊರುಗಳಲ್ಲಿ ಇಂಥಾ ತಂದೆತಾಯಿಗಳು ಅನೇಕರಿದ್ದಾರೆ. ಮಗನಿಗೆ ಇಪ್ಪತ್ತೈದೋ ಮೂವತ್ತೋ ವರುಷ ತುಂಬಿದೆ, ತೋಳಿನಲ್ಲಿ ಬಲವುಂಟು, ಆದರೂ ಅವನು ಒಂದು ಕೆಲಸದಲ್ಲಿ ನಿಲ್ಲನು. ಕುಡಿತದಲ್ಲಿಯೂ ಇಸ್ಪೀಟಿನಲ್ಲಿಯೂ, ಈಗಿನ ಕಾಲದಲ್ಲಿ ಕೈಯೊಳಗಿನ ಫೋನಿನಲ್ಲಿ ಆಡುವ ಪಣದ ಆಟದಲ್ಲಿಯೂ ಹಣವನ್ನು ಕಳೆಯುತ್ತಾನೆ. ತಾಯಿಯು ಸಂಘದಲ್ಲಿ ಸಾಲವೆತ್ತಿ ಅವನ ಸಾಲವನ್ನು ತೀರಿಸುತ್ತಾಳೆ. ತಂದೆಯು ಎತ್ತನ್ನು ಮಾರಿ ಅವನನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬರುತ್ತಾನೆ. ಸೊಸೆಯು ಮೈಮೇಲಿನ ಗಾಯವನ್ನು ಸೆರಗಿನಿಂದ ಮುಚ್ಚಿಕೊಂಡು ಆರಾಧನೆಗೆ ಬರುತ್ತಾಳೆ. ಒಂದು ತಿಂಗಳು ಕಳೆಯುವದರೊಳಗೆ ಅದೇ ಸಾಲ, ಅದೇ ಜಗಳ, ಅದೇ ಗಾಯ. ಆಗ ಆ ಹೆತ್ತವರು ಉಪದೇಶಿಯ ಬಳಿಗೆ ಬಂದು ತಗ್ಗಿದ ಸ್ವರದಿಂದ ಕೇಳುವದೇನಂದರೆ: "ಅಯ್ಯಾ, ನಾವು ಇನ್ನೂ ಕೊಡಬೇಕೋ? ಕೊಡದೆ ಹೋದರೆ ನಾವು ದೇವರ ಮುಂದೆ ಕ್ರೂರರಾಗುವದಿಲ್ಲವೋ?" ಈ ಪ್ರಶ್ನೆಯು ಚಿಕ್ಕದಲ್ಲ. ಒಂದು ಕುಟುಂಬದ ಅನ್ನವೂ ಒಂದು ಆತ್ಮದ ಕ್ಷೇಮವೂ ಇದರಲ್ಲಿ ಅಡಗಿವೆ. ಮಗನ ವಿಷಯದಲ್ಲಿ ಹೇಳುವದೆಲ್ಲವೂ ದಾರಿತಪ್ಪಿದ ಮಗಳ ವಿಷಯದಲ್ಲಿಯೂ ಸಲ್ಲುತ್ತದೆಂದು ತಿಳಿದುಕೊಳ್ಳಿರಿ.

ಈಗ ಸಾಮ್ಯಕ್ಕೆ ಬರೋಣ. ಕಿರಿಯ ಮಗನು ತನ್ನ ಪಾಲನ್ನು ಕೇಳಿದನು, ತಂದೆಯು ಕೊಟ್ಟನು. ಮಗನು ಹೊರಟನು, ತಂದೆಯು ಅವನ ಕಾಲಿಗೆ ಹಗ್ಗ ಕಟ್ಟಲಿಲ್ಲ, ಅವನ ಹಿಂದೆ ಆಳುಗಳನ್ನು ಅಟ್ಟಲಿಲ್ಲ. ಬೆಳೆದ ಮಗನ ಇಚ್ಛೆಯನ್ನು ತಂದೆಯು ಬಲಾತ್ಕಾರದಿಂದ ಮುರಿಯಲಾರನೆಂಬದನ್ನು ಆತನು ಬಲ್ಲನು. ತರುವಾಯ ಹಣವೆಲ್ಲಾ ವೆಚ್ಚವಾಯಿತು. ಆ ದೇಶದಲ್ಲಿ ಘೋರವಾದ ಬರ ಬಂತು. ಮಗನು ಹಂದಿಗಳನ್ನು ಮೇಯಿಸುವವನಾದನು. ಈ ಸುದ್ದಿಯು ತಂದೆಯ ಕಿವಿಗೆ ಬಿತ್ತೋ ಇಲ್ಲವೋ, ಸಾಮ್ಯವು ಹೇಳುವದಿಲ್ಲ. ಆದರೆ ಮನೆಯಿಂದ ಒಂದು ಹಣದ ಗಂಟಾದರೂ ಒಂದು ಮೂಟೆ ಧಾನ್ಯವಾದರೂ ಆ ದೂರದೇಶಕ್ಕೆ ಹೋಯಿತೆಂದು ಕರ್ತನು ಎಲ್ಲಿಯೂ ಹೇಳಲಿಲ್ಲ. ಹದಿನಾರನೆಯ ವಚನದ ಕೊನೆಯನ್ನು ನೋಡಿರಿ: ಅವನಿಗೆ ಯಾರೂ ಏನೂ ಕೊಡಲಿಲ್ಲವೆಂಬ ಅರ್ಥದ ಮಾತು ಅಲ್ಲಿದೆ. ಹದಿನೇಳನೆಯ ವಚನದ ಆರಂಭವನ್ನು ನೋಡಿರಿ: ಅವನಿಗೆ ಬುದ್ಧಿ ಬಂದದ್ದು ಅಲ್ಲಿದೆ. ಈ ಎರಡು ಮಾತುಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುವದು ಸುಮ್ಮನೆ ಅಲ್ಲ. ಕೊಡುವವರ ಕೈಗಳು ನಿಂತ ಮೇಲೆ ಅವನು ತನ್ನನ್ನು ತಾನು ಕಂಡನು. ತಿಂಗಳಿಗೊಮ್ಮೆ ಮನೆಯಿಂದ ಹಣ ಬರುತ್ತಿದ್ದರೆ ಅವನು ಆ ದೂರದೇಶದಲ್ಲಿಯೇ ಮುದುಕನಾಗುತ್ತಿದ್ದನೋ ಏನೋ!

ಹಾಗಾದರೆ ಆ ತಂದೆಯು ಮಗನನ್ನು ಮರೆತುಬಿಟ್ಟನೋ? ಇಲ್ಲ. ಮಗನು ಇನ್ನೂ ದೂರದಲ್ಲಿರುವಾಗಲೇ ಆತನು ಕಂಡನು. ದಾರಿಯ ಮೇಲೆ ಕಣ್ಣಿಟ್ಟವನು ಮಾತ್ರ ದೂರದಲ್ಲಿ ಬರುವವನನ್ನು ಗುರುತಿಸುವನು. ಆದಕಾರಣ ಪ್ರಿಯರೇ, ಈ ತಂದೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇದ್ದವು: ದೂರದೇಶದ ಕಡೆಗೆ ಆತನ ಕೈ ಚಾಚಲಿಲ್ಲ, ದಾರಿಯ ಕಡೆಗೆ ಆತನ ಕಣ್ಣು ಮುಚ್ಚಲಿಲ್ಲ. ಪಾಪಕ್ಕೆ ವೆಚ್ಚ ಕೊಡದೆ ಇರುವದು, ಪಾಪಿಗೆ ದಾರಿಯನ್ನು ಮುಚ್ಚದೆ ಇರುವದು, ಇವೆರಡೂ ಒಂದೇ ಪ್ರೀತಿಯ ಎರಡು ಕೆಲಸಗಳು. ಇಂದಿನ ಬೋಧನೆಯೆಲ್ಲಾ ಈ ಒಂದು ಮಾತಿನಲ್ಲಿದೆ.

ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಿಗೆ ಏನಾಯಿತೆಂಬದನ್ನು ಸತ್ಯವೇದವೇ ನಮಗೆ ತೋರಿಸುತ್ತದೆ. ಮೊದಲು ಶೀಲೋವಿನ ಯಾಜಕನಾದ ಏಲಿಯನ್ನು ನೋಡಿರಿ. ಅವನ ಮಕ್ಕಳಾದ ಹೊಫ್ನಿಯೂ ಫೀನೆಹಾಸನೂ ಬೆಳೆದ ಗಂಡಸರು, ಯಾಜಕೋದ್ಯೋಗದಲ್ಲಿದ್ದವರು. ಜನರು ತಂದ ಯಜ್ಞದ ಮಾಂಸವನ್ನು ಅವರ ಆಳು ಮೂರು ಮೊನೆಯ ಕೊಂಡಿಯಿಂದ ಎತ್ತಿಕೊಳ್ಳುವನು. ಕೊಡದಿದ್ದರೆ ಬಲದಿಂದ ಕಸಿದುಕೊಳ್ಳುವೆನೆಂದು ಬೆದರಿಸುವನು. ಅವರು ಸ್ತ್ರೀಯರನ್ನು ಕೆಡಿಸುತ್ತಿದ್ದರು. ಏಲಿಯು ಸುಮ್ಮನಿದ್ದನೋ? ಇಲ್ಲ, ಅವನು ಬುದ್ಧಿ ಹೇಳಿದನು; ಅವನ ಮಾತು ಒಳ್ಳೆಯ ಮಾತೇ. ಆದರೆ ಬುದ್ಧಿ ಹೇಳಿದ ಮರುದಿನ ಆ ಕೊಂಡಿಯು ಅವರ ಮನೆಯಲ್ಲಿಯೇ ಇತ್ತು, ಆ ಉದ್ಯೋಗವು ಅವರ ಕೈಯಲ್ಲಿಯೇ ಇತ್ತು. ಮಕ್ಕಳ ಹೃದಯವನ್ನು ತಿರುಗಿಸುವದು ಏಲಿಯ ವಶದಲ್ಲಿರಲಿಲ್ಲ. ಆದರೆ ಕೊಂಡಿಯನ್ನು ಕಿತ್ತುಕೊಳ್ಳುವದು ಅವನ ವಶದಲ್ಲಿತ್ತು. ದೇವರು ಅವನ ಮೇಲೆ ಹೊರಿಸಿದ ಅಪರಾಧವು ಇದೇ: ಮಕ್ಕಳ ಕೆಟ್ಟತನವನ್ನು ತಿಳಿದೂ ಅವರನ್ನು ತಡೆಯಲಿಲ್ಲವೆಂಬದು. ಹೆತ್ತವರೇ, ನಿಮ್ಮ ಮಗನ ಹೃದಯಕ್ಕೆ ನೀವು ಉತ್ತರವಾದಿಗಳಲ್ಲ. ನೀವು ಅವನ ಕೈಗೆ ಕೊಡುತ್ತಿರುವ ಕೊಂಡಿಗೆ ನೀವು ಉತ್ತರವಾದಿಗಳು.

ಎರಡನೆಯದಾಗಿ ಅರಸನಾದ ದಾವೀದನನ್ನು ನೋಡಿರಿ. ಅವನ ಮಗನಾದ ಅಮ್ನೋನನು ತಾಮಾರಳಿಗೆ ಘೋರವಾದ ಅನ್ಯಾಯವನ್ನು ಮಾಡಿದಾಗ ದಾವೀದನು ಬಹು ಕೋಪಗೊಂಡನೆಂದು ಬರೆದದೆ; ಅವನು ಏನಾದರೂ ಮಾಡಿದನೆಂದು ಬರೆದಿಲ್ಲ. ಎರಡು ವರುಷಗಳಾದ ಮೇಲೆ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿ ಗೆಷೂರಿಗೆ ಓಡಿಹೋಗಿ ಮೂರು ವರುಷ ಅಲ್ಲಿದ್ದನು. ಯೋವಾಬನ ಉಪಾಯದಿಂದ ಅವನನ್ನು ಯೆರೂಸಲೇಮಿಗೆ ಕರೆತಂದರೂ ಎರಡು ವರುಷ ಪೂರಾ ದಾವೀದನು ಅವನ ಮುಖವನ್ನು ನೋಡಲಿಲ್ಲ. ಅಪರಾಧವೇನೆಂದು ಎದುರಾಗಿ ಹೇಳಲಿಲ್ಲ, ತಿರುಗಿ ಸೇರುವ ದಾರಿ ಯಾವದೆಂದೂ ತೋರಿಸಲಿಲ್ಲ. ಕಡೆಗೆ ಒಂದು ದಿನ ಮುದ್ದಿಟ್ಟನು. ಅದರ ನಡುವೆ ಒಂದು ಸತ್ಯವಾದ ಮಾತು ನಡೆದ ಹಾಗೆ ಕಾಣುವದಿಲ್ಲ. ಆ ಮೌನದೊಳಗೆ ಬೆಳೆದದ್ದು ದಂಗೆಯಾಯಿತು. ದಂಗೆಯ ಕೊನೆಯು ಎಫ್ರಾಯೀಮಿನ ಅಡವಿಯಲ್ಲಿ ಅಬ್ಷಾಲೋಮನ ಮರಣವಾಯಿತು. ಆಗ ದಾವೀದನು ಬಾಗಿಲ ಮೇಲಣ ಕೋಣೆಗೆ ಏರಿ ಹೋಗುತ್ತಾ ಅತ್ತ ಅಳುವಿಕೆಯನ್ನು ಇಂದಿಗೂ ಓದಿ ಕಣ್ಣೀರಿಡದವರು ಯಾರು? ಏಲಿಯ ಮನೆಗೆ ಬೇಲಿಯಿರಲಿಲ್ಲ. ದಾವೀದನ ಮನೆಗೆ ಗೋಡೆಯಿತ್ತು, ಗೋಡೆಯಲ್ಲಿ ಬಾಗಿಲಿರಲಿಲ್ಲ. ಮಾತಾಡದೆ ಮುಖ ತಿರುಗಿಸಿಕೊಳ್ಳುವದು ಕಟ್ಟಳೆಯಲ್ಲ, ಅದು ಕೋಪವೇ.

ಹೊಲ ಮಾಡುವವರಾದ ನಿಮಗೆ ಬದುವಿನ ಪ್ರಯೋಜನವನ್ನು ನಾವು ಕಲಿಸಬೇಕಾಗಿಲ್ಲ. ಬದುವನ್ನು ನೀವು ಮಳೆಯ ಮೇಲಿನ ಹಗೆಯಿಂದ ಹಾಕುವದಿಲ್ಲ. ಮಳೆ ಬೇಕು, ಮಣ್ಣೂ ಉಳಿಯಬೇಕು, ಆದಕಾರಣ ಬದು. ಬದುವಿಲ್ಲದ ಹೊಲದಲ್ಲಿ ಎಷ್ಟು ಮಳೆ ಸುರಿದರೂ ಮೇಲಣ ಸಾರವು ಕೊಚ್ಚಿಹೋಗಿ ಕಲ್ಲು ಏಳುವದು. ಆದರೆ ಹೆಚ್ಚಾದ ನೀರು ಹೋಗಲಿಕ್ಕೆ ಬದುವಿನಲ್ಲಿ ಒಂದು ಕಂಡಿಯನ್ನೂ ಬಿಡುತ್ತೀರಲ್ಲವೇ? ಹಾಗೆಯೇ ಮನೆಯೊಳಗಿನ ಪ್ರೀತಿಗೆ ಬದು ಬೇಕು, ಬದುವಿಗೆ ಕಂಡಿಯೂ ಬೇಕು.

ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಎರಡು ಮಾತುಗಳನ್ನು ಹೇಳುತ್ತಾನೆ. ಎರಡನೆಯ ವಚನದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆನ್ನುತ್ತಾನೆ. ಐದನೆಯ ವಚನದಲ್ಲಿ ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾನೆ. ಇವು ಒಂದಕ್ಕೊಂದು ವಿರೋಧವೋ? ಅಲ್ಲ. ಗ್ರೀಕು ಭಾಷೆಯಲ್ಲಿ ಅವು ಎರಡು ಬೇರೆ ಶಬ್ದಗಳಾಗಿವೆ. ಮೊದಲನೆಯದು ಒಬ್ಬನನ್ನು ನೆಲಕ್ಕೆ ಕುಗ್ಗಿಸುವ ಭಾರ. ಎರಡನೆಯದು ಪ್ರಯಾಣ ಹೋಗುವವನು ತನ್ನ ಬೆನ್ನಿಗೆ ಕಟ್ಟಿಕೊಳ್ಳುವ ಗಂಟು. ಮಗನು ರೋಗದಲ್ಲಿ ಬಿದ್ದರೆ, ಬೆಳೆ ಹೋಗಿ ದಿಕ್ಕುಗೆಟ್ಟರೆ, ಅದು ಭಾರ; ಅದಕ್ಕೆ ಹೆಗಲು ಕೊಡಿರಿ. ಆದರೆ ಅವನು ಆಡಿ ಸೋತ ಸಾಲ, ಕುಡಿದು ಮುರಿದ ವಸ್ತು, ಬಿಟ್ಟುಬಂದ ಕೆಲಸ, ಇವು ಅವನ ಗಂಟು. ಆ ಗಂಟನ್ನು ನೀವು ಹೊತ್ತರೆ ಅವನ ಬೆನ್ನು ಎಂದಿಗೂ ಬಲಗೊಳ್ಳುವದಿಲ್ಲ. ಮುಂಗೋಪಿಯನ್ನು ಒಂದು ಸಾರಿ ದಂಡದಿಂದ ಬಿಡಿಸಿದವನು ಮತ್ತೆ ಮತ್ತೆ ಬಿಡಿಸಬೇಕಾಗುವದೆಂಬ ಎಚ್ಚರಿಕೆಯು ಜ್ಞಾನೋಕ್ತಿಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಇದನ್ನು ಪುಸ್ತಕದಲ್ಲಿ ಓದದವರೂ ಮನೆಯಲ್ಲಿ ಅನುಭವಿಸಿದ್ದಾರೆ.

ಇನ್ನು ಈ ಬೋಧನೆಯನ್ನು ಮನೆಯೊಳಗೆ ನಡಿಸುವ ಕ್ರಮವನ್ನು ಹೇಳೋಣ.

ಮೊದಲನೆಯದು ಹಣ. ಹಸಿದ ಮಗನಿಗೆ ಅನ್ನವನ್ನು ಕೊಡಿರಿ. ಕೈಗೆ ಹಣವನ್ನು ಕೊಡಬೇಡಿರಿ. ಔಷಧ ಬೇಕಾದರೆ ನೀವೇ ಕೊಂಡು ತನ್ನಿರಿ. ಅವನ ಸಾಲಗಾರರು ಬಂದರೆ, "ಅವನು ವಯಸ್ಸಿಗೆ ಬಂದವನು, ಅವನನ್ನು ಕೇಳಿರಿ" ಎಂದು ಶಾಂತವಾಗಿ ಹೇಳಿರಿ. ನೀವು ರುಜು ಹಾಕದ ಪತ್ರಕ್ಕೂ ಹೊರದ ಜಾಮೀನಿಗೂ ನೀವು ಬದ್ಧರಲ್ಲ.

ಎರಡನೆಯದು ಭೂಮಿ. ಸಾಮ್ಯದ ಮಗನು ಕೇಳಿದಂತೆ ಇಂದಿನ ಮಕ್ಕಳೂ ನಮ್ಮ ಪಾಲನ್ನು ಈಗಲೇ ಬರೆದುಕೊಡು ಎಂದು ಹಟಮಾಡುತ್ತಾರೆ. ನಮ್ಮ ದೇಶದ ಕ್ರೈಸ್ತರ ದಾಯಭಾಗವು ಬಹುಮಟ್ಟಿಗೆ 1925ನೇ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ನಡೆಯುವದು. ಅದರಲ್ಲಿ ತಂದೆಯು ಜೀವದಿಂದಿರುವಾಗ ಅವನ ಸ್ವಂತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಬರುವ ಪಾಲು ಎಂಬದಿಲ್ಲ. ಹೆದರಿಕೆಗಾಗಿ ಏನನ್ನೂ ಬರೆದುಕೊಡದೆ ಮೊದಲು ವಕೀಲರನ್ನು ಕಂಡು ವಿಚಾರಿಸಿರಿ. ಅರುವತ್ತು ವರುಷ ದಾಟಿದ ಹೆತ್ತವರು ನಮ್ಮನ್ನು ಪೋಷಿಸಬೇಕೆಂಬ ಕರಾರಿನ ಮೇಲೆ ಆಸ್ತಿಯನ್ನು ದಾನವಾಗಿ ಕೊಟ್ಟು, ಆ ಕರಾರು ಮುರಿದುಹೋದರೆ, ಅಂಥಾ ದಾನವನ್ನು ರದ್ದುಮಾಡಿಸುವ ಅವಕಾಶವು 2007ನೇ ಇಸವಿಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಲ್ಲಿದೆ. ಆದರೆ ಕರಾರನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿರಬೇಕು; ಬಾಯಿಮಾತನ್ನು ನಂಬಿ ಮೋಸಹೋಗಬಾರದು.

ಮೂರನೆಯದು ಹೊಡೆತ. ಮನೆಯೊಳಗೆ ಕೈ ಎತ್ತಿದವನು ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಇದು ಹೆತ್ತವರಿಗೆ ಎಲ್ಲಕ್ಕಿಂತ ಕಠಿಣವಾದ ಮಾತೆಂದು ನಾವು ಬಲ್ಲೆವು. ಆದರೆ ಹೊಡೆಸಿಕೊಳ್ಳುವ ಸೊಸೆಯೂ ಬೆದರಿ ಮೂಲೆಯಲ್ಲಿ ಕುಳಿತ ಮೊಮ್ಮಕ್ಕಳೂ ಆ ಮನೆಯವರೇ. ತನ್ನ ಮನೆಯವರನ್ನು ಸಂರಕ್ಷಿಸದವನ ವಿಷಯದಲ್ಲಿ ಪೌಲನು ತಿಮೊಥೆಯನಿಗೆ ಬರೆದ ಗದರಿಕೆಯನ್ನು ನೆನಸಿರಿ. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ಕಾಪಾಡುವ 2005ನೇ ಇಸವಿಯ ಕಾಯಿದೆಯು ಹೆಂಡತಿಗೆ ಮಾತ್ರವಲ್ಲ, ಮಗನಿಂದ ಬಾಧೆಪಡುವ ತಾಯಿಗೂ ಆಶ್ರಯವಾಗಿದೆ. ಜೀವಕ್ಕೆ ಅಪಾಯವಾದ ಗಳಿಗೆಯಲ್ಲಿ 112 ಎಂಬ ಸಂಖ್ಯೆಗೆ ಫೋನು ಮಾಡಿ ಪೊಲೀಸರನ್ನು ಕರೆಯುವದು ಅವಿಶ್ವಾಸವೂ ಅಲ್ಲ, ದ್ರೋಹವೂ ಅಲ್ಲ. ಹೀಗೆ ಕರೆದವರು ಒಂದು ವೇಳೆ ಮಗನನ್ನು ಕೊಲೆಯ ಪಾಪದಿಂದಲೇ ತಪ್ಪಿಸಿರಬಹುದು.

ನಾಲ್ಕನೆಯದು ಮದುವೆ. "ಒಂದು ಮದುವೆ ಮಾಡಿದರೆ ಸರಿಹೋದಾನು" ಎಂಬ ಮಾತನ್ನು ನಮ್ಮ ಜನರು ಇಂದಿಗೂ ಆಡುತ್ತಾರೆ. ಪ್ರಿಯರೇ, ನಿಮ್ಮ ಮಗನ ರೋಗಕ್ಕೆ ಬೇರೊಬ್ಬರ ಮಗಳು ಔಷಧವಲ್ಲ. ಹೆತ್ತವರು ಇಪ್ಪತ್ತೈದು ವರುಷಗಳಲ್ಲಿ ತಿದ್ದಲಾರದ್ದನ್ನು ಹದಿನೆಂಟು ವರುಷದ ಹುಡುಗಿಯ ಹೆಗಲಿಗೆ ಹಾಕುವದು ಪ್ರೀತಿಯೂ ಅಲ್ಲ, ನ್ಯಾಯವೂ ಅಲ್ಲ. ಅವನ ನಡತೆಯನ್ನು ಮುಚ್ಚಿಟ್ಟು ಹೆಣ್ಣು ಕೇಳುವವರು ದೇವರ ಮುಂದೆ ಸುಳ್ಳುಸಾಕ್ಷಿ ಹೇಳಿದವರಾಗುವರು.

ಐದನೆಯದು ರೋಗ. ಎಲ್ಲಾ ಕೆಟ್ಟ ನಡತೆಯೂ ಹಟದಿಂದ ಬರುವದಲ್ಲ. ಒಬ್ಬನು ಯಾರೂ ಆಡದ ಮಾತನ್ನು ಕೇಳುತ್ತೇನೆಂದರೆ, ಕಾರಣವಿಲ್ಲದೆ ಎಲ್ಲರನ್ನೂ ಸಂಶಯಪಟ್ಟರೆ, ತಿಂಗಳುಗಟ್ಟಲೆ ಮೂಲೆ ಹಿಡಿದು ಕುಳಿತರೆ, ಅವನಿಗೆ ಬೇಕಾದದ್ದು ಗದರಿಕೆಯಲ್ಲ, ವೈದ್ಯನು. ಅದನ್ನು ದೆವ್ವವೆಂದು ಹೇಳಿ ಮಂತ್ರವಾದಿಯ ಬಳಿಗೂ ಓಡಬೇಡಿರಿ, ಪಾಪದ ಫಲವೆಂದು ಹೇಳಿ ಅವನನ್ನು ನಾಚಿಕೆಪಡಿಸಲೂ ಬೇಡಿರಿ. ಕುಡಿತವು ಸಹ ಇಚ್ಛೆಯಿಂದ ಆರಂಭವಾದರೂ ಮುಂದೆ ಶರೀರವನ್ನು ಕಟ್ಟಿಹಾಕುವ ರೋಗವಾಗುತ್ತದೆ. ಬಹುಕಾಲ ಪ್ರತಿದಿನ ಹೆಚ್ಚಾಗಿ ಕುಡಿದವನು ಒಂದೇ ದಿನ ತಟ್ಟನೆ ನಿಲ್ಲಿಸಿದರೆ ಕೈನಡುಕ, ಮೂರ್ಛೆ, ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದಕಾರಣ ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವೆವೆಂದು ಸಾಹಸಪಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿಯೂ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿಯೂ ಇದಕ್ಕೆ ಚಿಕಿತ್ಸೆಯುಂಟು. 2022ನೇ ಇಸವಿಯ ಅಕ್ಟೋಬರ ತಿಂಗಳಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಆಲೋಚನೆ ಕೇಳಬಹುದು. ಸಾಯುತ್ತೇನೆಂದು ಮಗನು ಹೇಳಿದರೆ ಅದನ್ನು ಬರೀ ಬೆದರಿಕೆಯೆಂದು ತಳ್ಳಿಬಿಡದೆ ಆ ಗಳಿಗೆಯಲ್ಲಿಯೇ ಇಂಥಾ ಸಹಾಯವನ್ನು ಹುಡುಕಿರಿ. ಆದರೆ ಅದಕ್ಕೆ ಹೆದರಿ ಅವನ ಕೈಗೆ ಹಣವನ್ನು ಕೊಡಬೇಡಿರಿ. ಆ ಹೊತ್ತಿನಲ್ಲಿ ಅವನಿಗೆ ಬೇಕಾದದ್ದು ಹತ್ತಿರ ಕೂತುಕೊಳ್ಳುವ ಮನುಷ್ಯನೂ ವೈದ್ಯನೂ.

2007ನೇ ಇಸವಿಯ ಜುಲೈ ತಿಂಗಳಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಷೇಧವಾಯಿತೆಂಬದನ್ನು ನೀವೆಲ್ಲರು ಬಲ್ಲಿರಿ. ಸಾರಾಯಿಯ ಅಂಗಡಿ ಮುಚ್ಚಿತು. ಬೇರೆ ಮದ್ಯದ ಅಂಗಡಿ ತೆರೆದೇ ಇತ್ತು. ಸರಕಾರದ ಕಟ್ಟಳೆಯು ಒಳ್ಳೆಯದೇ. ಆದರೆ ಮನೆಯೊಳಗೆ ಹಾಕಬೇಕಾದ ಬದುವನ್ನು ಸರಕಾರವು ಬಂದು ಹಾಕಲಾರದು.

ಈ ಕಟ್ಟಳೆಗಳನ್ನು ತಿಳಿಸುವ ರೀತಿಯೂ ಮುಖ್ಯವಾದದ್ದು. ಮಗನು ಕುಡಿದಿರುವ ರಾತ್ರಿ ಬುದ್ಧಿ ಹೇಳಬೇಡಿರಿ. ಅದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಬೆಳಿಗ್ಗೆ ಅವನ ತಲೆ ತಿಳಿಯಾಗಿರುವಾಗ, ತಂದೆತಾಯಿಗಳಿಬ್ಬರೂ ಒಟ್ಟಿಗೆ ಕೂತುಕೊಂಡು, ಕೂಗದೆ, ಶಪಿಸದೆ, ಹಳೇ ಲೆಕ್ಕಗಳನ್ನು ತೆಗೆಯದೆ ಹೇಳಿರಿ: "ಮಗನೇ, ನೀನು ನಮ್ಮವನು. ಇನ್ನು ಮೇಲೆ ನಾವು ಹಣ ಕೊಡುವದಿಲ್ಲ. ಈ ಮನೆಯಲ್ಲಿ ಹೊಡೆತ ನಡೆಯಕೂಡದು. ನೀನು ಆಸ್ಪತ್ರೆಗೆ ಬರುವದಾದರೆ ನಾಳೆಯೇ ನಿನ್ನ ಸಂಗಡ ಬರುತ್ತೇವೆ." ಇಷ್ಟೇ ಸಾಕು. ಮಾಡಲಾರದ ಬೆದರಿಕೆಯನ್ನು ಹಾಕಬೇಡಿರಿ. ಹಾಕಿದ ಮಾತನ್ನು ಮುರಿಯಬೇಡಿರಿ. ತಂದೆಯು ಇಲ್ಲವೆಂದದ್ದನ್ನು ತಾಯಿಯು ಹಿತ್ತಲ ಬಾಗಿಲಿನಿಂದ ಕೊಟ್ಟರೆ ಮಗನು ಇಬ್ಬರಲ್ಲಿಯೂ ಭಯವನ್ನಾಗಲಿ ಪ್ರೀತಿಯನ್ನಾಗಲಿ ಕಾಣದೆ ಬಿರುಕನ್ನೇ ಕಾಣುವನು. ಪೌಲನು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ದುಡಿಯಲೊಲ್ಲದೆ ಅಕ್ರಮವಾಗಿ ನಡೆಯುವವನ ಬಳಕೆಯನ್ನು ಬಿಡಬೇಕೆಂದು ಹೇಳಿದ ಕೂಡಲೇ, ಅವನನ್ನು ವೈರಿಯೆಂದೆಣಿಸದೆ ಸಹೋದರನೆಂದು ಬುದ್ಧಿಹೇಳಬೇಕೆಂದು ಕಲಿಸುತ್ತಾನೆ. ಈ ಎರಡನೆಯ ಮಾತನ್ನು ಮರೆತವರು ಮೊದಲನೆಯದನ್ನು ಮಾಡದಿರುವದೇ ಲೇಸು.

ಸಭೆಯ ಚರಿತ್ರೆಯಲ್ಲಿಯೂ ಇಂಥಾ ಒಬ್ಬ ತಾಯಿಯುಂಟು. ಉತ್ತರ ಆಫ್ರಿಕದ ತಗಸ್ತೆ ಎಂಬ ಊರಿನ ಮೋನಿಕಳ ಮಗನಾದ ಅಗುಸ್ತೀನನು 354ನೇ ಇಸವಿಯಲ್ಲಿ ಹುಟ್ಟಿದನು. ಅವನು ಯೌವನದಲ್ಲಿ ವಿವಾಹವಿಲ್ಲದೆ ಒಬ್ಬ ಸ್ತ್ರೀಯ ಸಂಗಡ ಬಾಳುತ್ತಾ, ಮಾನಿ ಎಂಬವನ ಮತವನ್ನು ಹಿಡಿದು, ತಾಯಿಯ ನಂಬಿಕೆಯನ್ನು ಹಳಿಯುತ್ತಾ ಊರಿಗೆ ಬಂದನು. ಆ ದೂಷಣೆಯನ್ನು ಸಹಿಸಲಾರದೆ ಮೋನಿಕಳು ಅವನನ್ನು ತನ್ನ ಮನೆಯಲ್ಲಿಯೂ ಊಟದ ಪಂಕ್ತಿಯಲ್ಲಿಯೂ ಸೇರಿಸಿಕೊಳ್ಳಲೊಲ್ಲದೆ ಹೋದಳು. ಇದನ್ನು ಮಗನು ತಾನೇ ಬರೆದಿಟ್ಟಿದ್ದಾನೆ. ತರುವಾಯ ಅವಳಿಗೆ ಒಂದು ಕನಸು ಬಿದ್ದು, ತಾನು ನಿಂತ ಮರದ ಅಳತೆಕೋಲಿನ ಮೇಲೆಯೇ ಮಗನೂ ನಿಂತಿರುವದನ್ನು ಅವಳು ಕಂಡಳು. ಆಗ ಧೈರ್ಯಹೊಂದಿ ಅವನನ್ನು ತಿರುಗಿ ಮನೆಗೆ ಸೇರಿಸಿಕೊಂಡಳು. ಮಗನ ಸಂಗಡ ವಾದಿಸಬೇಕೆಂದು ಅವಳು ಒಬ್ಬ ಸಭಾಧ್ಯಕ್ಷನನ್ನು ಬೇಡಿಕೊಂಡಾಗ ಅವನು, ಹುಡುಗನು ಇನ್ನೂ ಕಲಿಯುವ ಮನಸ್ಸಿನಲ್ಲಿಲ್ಲ, ಅವನನ್ನು ಹಾಗೆಯೇ ಬಿಟ್ಟು ಅವನಿಗಾಗಿ ಪ್ರಾರ್ಥಿಸು ಎಂಬ ಭಾವದಿಂದ ಉತ್ತರ ಕೊಟ್ಟನು. 383ನೇ ಇಸವಿಯಲ್ಲಿ ಮಗನು ಅವಳಿಗೆ ಸುಳ್ಳು ಹೇಳಿ ರಾತ್ರಿಯಲ್ಲಿ ಹಡಗನ್ನೇರಿ ರೋಮಿಗೆ ಹೊರಟುಹೋದನು. ಅವಳು ಅತ್ತಳು, ಪ್ರಾರ್ಥನೆಯನ್ನು ಬಿಡಲಿಲ್ಲ. 387ನೇ ಇಸವಿಯಲ್ಲಿ ಮಿಲಾನಿನಲ್ಲಿ ಅವನು ದೀಕ್ಷಾಸ್ನಾನ ಹೊಂದಿದನು; ಅದೇ ವರುಷ ಓಸ್ತಿಯಾ ಎಂಬ ರೇವಿನಲ್ಲಿ ಅವಳು ತೀರಿಹೋದಳು. ಈ ತಾಯಿಯು ಒಂದು ಕಾಲದಲ್ಲಿ ಬಾಗಿಲನ್ನು ಹಾಕಿದಳು, ಒಂದು ಕಾಲದಲ್ಲಿ ತೆರೆದಳು. ಕಟ್ಟಳೆಯು ಸಮಯವನ್ನು ನೋಡಿ ಬದಲಾಗಬಹುದು, ಪ್ರಾರ್ಥನೆಯು ಬದಲಾಗಬಾರದು.

ಆದರೆ ನಾವು ನಿಮ್ಮನ್ನು ವಂಚಿಸಲಾರೆವು. ಬದು ಹಾಕಿದ ಕೂಡಲೇ ಬೆಳೆ ಬರುವದೆಂದು ಹೇಳಲಾರೆವು. ಕೆಲವು ಮಕ್ಕಳು ದೂರದೇಶದಿಂದ ತಿರುಗಿ ಬರುವದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಊರವರು ನಿಮ್ಮ ಗಾಯಕ್ಕೆ ಉಪ್ಪು ಹಚ್ಚುವರು. ಅವರಿಗೆ ಉತ್ತರ ಕೊಡಬೇಡಿರಿ. ಸಾಮ್ಯದ ತಂದೆಯಲ್ಲಿ ಯಾವ ದೋಷವೂ ಇರಲಿಲ್ಲ, ಆದರೂ ಅವನ ಮಗನು ಹೋದನು. ಹಣ ಕೊಡಲೊಲ್ಲದ ಹೆತ್ತವರು ಮಗನನ್ನು ತಿದ್ದುವ ಯಂತ್ರವನ್ನು ಹಿಡಿದಿಲ್ಲ. ಸುಳ್ಳಿನ ಜೀವನಕ್ಕೆ ನಾವು ಪಾಲುಗಾರರಾಗೆವು ಎಂದು ದೇವರ ಮುಂದೆ ನಿಂತಿದ್ದಾರೆ. ಫಲವು ಬಂದರೂ ಬಾರದಿದ್ದರೂ ಆ ನಿಲುವು ಸರಿಯಾದದ್ದೇ.

ಮಗನು ತಿರುಗಿ ಬಂದರೋ? ಆಗ ಸಾಮ್ಯದ ತಂದೆಯನ್ನು ನೋಡಿರಿ. ಆತನು ಓಡಿದನು. ಬಂದವನ ಅರಿಕೆಯು ಮುಗಿಯುವದಕ್ಕೆ ಮುಂಚೆಯೇ ಅಂಗಿಯೂ ಉಂಗುರವೂ ಕೆರಗಳೂ ಬಂದವು, ಕೊಬ್ಬಿದ ಕರುವನ್ನು ಕೊಯ್ದರು. ಕ್ಷಮಾಪಣೆಯಲ್ಲಿ ಆತನು ಕೈ ಹಿಡಿಯಲಿಲ್ಲ. ಆದರೂ ಮೂವತ್ತೊಂದನೆಯ ವಚನವನ್ನು ಗಮನಿಸಿರಿ: ತನಗಿರುವದೆಲ್ಲಾ ಹಿರಿಯವನದೇ ಎಂದು ತಂದೆಯು ಅವನಿಗೆ ಭರವಸೆ ಕೊಡುತ್ತಾನೆ. ಕಿರಿಯವನಿಗೆ ಔತಣ ದೊರೆಯಿತು, ಪುತ್ರತ್ವವು ದೊರೆಯಿತು; ಆದರೆ ಹೊಲವನ್ನು ಎರಡನೆಯ ಸಾರಿ ಪಾಲು ಮಾಡಿದರೆಂದು ಬರೆದಿಲ್ಲ. ಕ್ಷಮೆಯು ಒಂದೇ ದಿವಸದಲ್ಲಿ ಕೊಡಬಹುದಾದ ವರ. ನಂಬಿಕೆಗೆ ಯೋಗ್ಯನಾಗುವದು ದಿನದಿನದ ದುಡಿತ. ತಿರುಗಿ ಬಂದ ಮಗನಿಗೆ ಮುದ್ದನ್ನು ಕೊಡಿರಿ, ಪೆಟ್ಟಿಗೆಯ ಬೀಗದ ಕೈಯನ್ನು ಕೊಡಲಿಕ್ಕೆ ಅವಸರಪಡಬೇಡಿರಿ. ಅವನು ಮತ್ತೆ ಬಿದ್ದರೆ ಬೆಚ್ಚಬೇಡಿರಿ; ಕುಡಿತವನ್ನು ಬಿಟ್ಟವರಲ್ಲಿ ಅನೇಕರು ಒಂದೆರಡು ಸಾರಿ ಬಿದ್ದೇ ಎದ್ದವರು. ಇಷ್ಟು ದಿನ ದುಡಿದು ಹೊಲದಿಂದ ಬಂದು ಬಾಗಿಲ ಹೊರಗೆ ನಿಂತಿರುವ ಹಿರಿಯ ಮಗನನ್ನೂ ಮರೆಯಬೇಡಿರಿ. ಕೆಟ್ಟ ಮಗನ ಮೇಲಿನ ಚಿಂತೆಯಲ್ಲಿ ಒಳ್ಳೆಯ ಮಕ್ಕಳು ಅನಾಥರಾಗುವ ಮನೆಗಳು ಬಹಳ ಇವೆ. ತಂದೆಯು ಅವನ ಬಳಿಗೂ ಹೊರಗೆ ಬಂದು ಬೇಡಿಕೊಂಡನಲ್ಲವೇ?

ಕಡೆಯದಾಗಿ ಸಭೆಗೆ ಒಂದು ಮಾತು. ಇಂಥಾ ಮನೆಯವರು ಆರಾಧನೆಗೆ ಬಂದಾಗ ಅವರ ಹಿಂದೆ ಪಿಸುಗುಟ್ಟುವವರು ಯಾರು? ಕುಡಿದವನಿಗೆ ದಯೆಯೆಂದು ಹೇಳಿ ಹತ್ತು ಇಪ್ಪತ್ತು ರೂಪಾಯಿ ಕೊಟ್ಟು ಆ ಹೆತ್ತವರ ಬದುವನ್ನು ಒಡೆಯುವವರು ಯಾರು? ಮೋಶೆಯ ಧರ್ಮಶಾಸ್ತ್ರವು ಮೊಂಡನಾದ ಮಗನ ಸಂಗತಿಯನ್ನು ತಂದೆತಾಯಿಗಳಿಬ್ಬರೂ ಊರಬಾಗಿಲಿನ ಹಿರಿಯರ ಮುಂದೆ ತರಬೇಕೆಂದು ವಿಧಿಸಿತು. ಆ ಕಾಲದ ಕಠಿಣವಾದ ಶಿಕ್ಷೆಯು ನಮ್ಮದಲ್ಲ. ಆದರೆ ಆ ದುಃಖವನ್ನು ಹೆತ್ತವರು ಒಂಟಿಯಾಗಿ ಹೊರಬಾರದೆಂಬ ಪಾಠವು ನಮ್ಮದೇ. ಹಿರಿಯರು ಹೋಗಿ ಆ ಮನೆಯಲ್ಲಿ ಕೂತುಕೊಳ್ಳಲಿ. ಹೊಡೆತಕ್ಕೆ ಹೆದರಿ ರಾತ್ರಿ ಓಡಿಬಂದ ಸೊಸೆಗೂ ಮಕ್ಕಳಿಗೂ ಯಾವ ಮನೆಯಲ್ಲಿ ಸ್ಥಳವೆಂದು ಮೊದಲೇ ಗೊತ್ತುಮಾಡಿರಲಿ. ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೆ ಇಬ್ಬರು ಬಲವಾದ ಯುವಕರು ಸಿದ್ಧರಾಗಿರಲಿ. ಕುಡಿತವನ್ನು ಬಿಡಬೇಕೆಂದವರು ಒಬ್ಬರಿಗೊಬ್ಬರು ನೆರವಾಗುವದಕ್ಕೆ 1935ರಲ್ಲಿ ಅಮೇರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ನಮ್ಮ ಪಟ್ಟಣಗಳಲ್ಲಿಯೂ ಸೇರುತ್ತದೆ. ಅಂಥಾ ಸ್ಥಳವನ್ನು ವಿಚಾರಿಸಿ ತಿಳಿಸಲಿ. ಭಾರವನ್ನು ಹಂಚಿಕೊಳ್ಳುವದೆಂದರೆ ಇದೇ.

ಇಂದು ರಾತ್ರಿ ಮಗನ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಮಲಗದೆ ಇರುವ ತಂದೆಯೇ, ತಾಯಿಯೇ, ನಿಮ್ಮ ದುಃಖವು ದೇವರಿಗೆ ಹೊಸದಲ್ಲ. ಆತನು ಸಾಕಿ ಬೆಳೆಸಿದ ಮಕ್ಕಳೇ ಆತನಿಗೆ ತಿರುಗಿಬಿದ್ದರೆಂದು ಪ್ರವಾದಿಯಾದ ಯೆಶಾಯನ ಪುಸ್ತಕವು ಆರಂಭವಾಗುವದು. ನೀವು ಎಷ್ಟು ಪ್ರೀತಿಸುತ್ತೀರೋ ಅದಕ್ಕಿಂತ ಹೆಚ್ಚಾಗಿ ನಿಮ್ಮ ಮಗನನ್ನು ಪ್ರೀತಿಸುವ ಆತನ ಕೈಗೆ ಅವನನ್ನು ಒಪ್ಪಿಸಿರಿ. ಹಣದ ಪೆಟ್ಟಿಗೆಗೆ ಬೀಗ ಹಾಕಿರಿ. ಒಲೆಯ ಮೇಲೆ ಅವನ ಪಾಲಿನ ಅನ್ನವನ್ನು ಮುಚ್ಚಿಡಿರಿ. ದೀಪವನ್ನು ದಾರಿಗೆ ಕಾಣುವ ಹಾಗೆ ಇಡಿರಿ. ದಾರಿಯನ್ನು ನೋಡುತ್ತಾ ಕೂತಿರುವ ಪರಲೋಕದ ತಂದೆಯು ನಿಮ್ಮ ಪಕ್ಕದಲ್ಲಿಯೇ ಇರುವನು. ಆತನ ಸಮಾಧಾನವು ನಿಮ್ಮ ಮನೆಗಳನ್ನು ಕಾಯಲಿ. ಆಮೆನ್.